ವಿಲಾಸವೋ ಉಪಾಸನೆಯೋ?

ಕಲೆಯಿಂದ ಹೊಟ್ಟೆ ಹೊರೆಯದೆ, ಕಲೆಗಾಗಿ ಬಾಳಿನ ಒಂದು ಪಾಲನ್ನು ತೆಗೆದಿಡತಕ್ಕವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಹಗಲು ಸರಕಾರದ ಕಚೇರಿ, ಸಂಜೆ ಸಂಗೀತದ ಕಚೇರಿ ಎಂದು ಎರಡರ ನಡುವೆ ಓಡಾಡುವ ಗುಮಾಸ್ತ. ಅಡಿಗೆಯ ಮನೆಯ ಕೆಲಸ ಮುಗಿದ ಮೇಲೆ ಶ್ರುತಿಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ಗೃಹಿಣಿ. ಭಾನುವಾರ ಬಂದಿತೆಂದರೆ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ಹೊರಡುವ ಉಪಾಧ್ಯಾಯ. ಇವರನ್ನು ಏನೆಂದು ಕರೆಯಬೇಕು? ಬೆಂಗಳೂರಿನಲ್ಲಿ ೧೯೦೯ರಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಸ್ಥಾಪಿತವಾದ ಆ ತಲೆಮಾರಿನಲ್ಲಿ, ವೃತ್ತಿನಾಟಕದವರಿಂದ ಬೇರ್ಪಡಿಸಿ ಹೇಳುವುದಕ್ಕಾಗಿ ಇಂಥವರನ್ನು 'ವಿಲಾಸಿ'ಗಳೆಂದು ಕರೆಯುವ ವಾಡಿಕೆ ಬೆಳೆಯಿತು. ಮುಂದೆ 'ಹವ್ಯಾಸಿ' ಎಂಬ ಮಾತು ನೆಲೆನಿಂತಿತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರಾದರೋ (೧೮೮೭–೧೯೭೫) ತಮ್ಮ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಕಲಾವಿದರ ನೆನಪುಗಳನ್ನು ಒಟ್ಟುಗೂಡಿಸಿದ ಸಂಪುಟಕ್ಕೆ 'ಕಲೋಪಾಸಕರು' ಎಂದು ಹೆಸರಿಟ್ಟರು. ಅವರು ಚಿತ್ರಿಸಿದವರಲ್ಲಿ ವೃತ್ತಿಯವರೂ ಉಂಟು. ಆದರೆ ಆ ಹೆಸರು ವೃತ್ತಿಯನ್ನು ಕುರಿತದ್ದಲ್ಲ, ಮನೋಧರ್ಮವನ್ನು ಕುರಿತದ್ದು. ವಿಲಾಸಿಗೆ ಕಲೆ ಒಂದು ಅಲಂಕಾರ. ಉಪಾಸಕನಿಗೆ ಅದೊಂದು ನಿಯಮ. ಹವ್ಯಾಸಿಯು ಇವೆರಡರ ನಡುವೆ ನಿಂತಿದ್ದಾನೆ. ಯಾವ ಕಡೆಗಾದರೂ ವಾಲಬಲ್ಲನು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಸುಶಿಕ್ಷಿತ ಮನೆಗಳಲ್ಲಿ ಇಂದು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಕಾರಣವಿದೆ. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಗೆ ಬೆಂಗಳೂರು ಬಹಳ ಹತ್ತಿರ. ಒಳ್ಳೆಯ ಕಚೇರಿಯನ್ನು ಕೇಳಬೇಕೆನ್ನುವವರು ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಗೆ, ೧೯೩೯ರಿಂದ ನಡೆದು ಬಂದಿರುವ ಶ್ರೀ ರಾಮಸೇವಾ ಮಂಡಲಿಯ ಚಪ್ಪರಕ್ಕೆ ಹೋಗುತ್ತಾರೆ. ಸೂರ್ಯೋದಯದ ಚಿತ್ರವನ್ನು ತೆಗೆಯಬೇಕೆನ್ನುವ ಬೆಂಗಳೂರಿನವರು ನಸುಕಿನಲ್ಲಿ ನಂದಿಗೆ ಬರುತ್ತಾರೆ. ಈ ಊರುಗಳ ಕಿವಿ ಬೆಂಗಳೂರಿಗೆ ಹೋಗುತ್ತದೆ, ಬೆಂಗಳೂರಿನ ಕಣ್ಣು ಈ ಊರುಗಳಿಗೆ ಬರುತ್ತದೆ. ಇದರ ನಡುವೆ, ಇಲ್ಲಿಯ ಜನ ತಮ್ಮ ಕಿವಿಯಿಂದ ತಾವು ಕೇಳಿ, ತಮ್ಮ ಕಣ್ಣಿನಿಂದ ತಾವು ನೋಡಿ ಮಾಡತಕ್ಕ ಕಲೆ ಯಾವುದು? ಹಾಡನ್ನು ಹಿಡಿದಿಡುವ ಯಂತ್ರವೂ ಚಿತ್ರವನ್ನು ಹಿಡಿದಿಡುವ ಯಂತ್ರವೂ ಒಂದೇ ಮೊಬೈಲಿನಲ್ಲಿ ಕೂಡಿ ಎಲ್ಲರ ಅಂಗೈಗೆ ಬಂದಿರುವ ಈ ಕಾಲದಲ್ಲಿ ಸಲಕರಣೆಯಿಲ್ಲವೆಂಬ ನೆಪ ಉಳಿದಿಲ್ಲ. ಆದುದರಿಂದ ಪರೀಕ್ಷಿಸಬೇಕಾದದ್ದು ಮನೋಧರ್ಮವನ್ನೇ.

ಮೊದಲು ಕಚೇರಿಯ ವಿಷಯ. ಎದುರಿಗೆ ಕುಳಿತು ಕೇಳುವ ಸಂಗೀತಕ್ಕೆ ಇರುವ ವಿಶೇಷವೇನೆಂಬುದನ್ನು ಅರಿಯಬೇಕಾದರೆ ದೂರ ಹೋಗಬೇಕಾದುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ ನಡೆಯುವ ಸಂಗೀತೋತ್ಸವ ಎಪ್ಪತ್ತೆರಡು ಗಂಟೆಗಳ ಕಾಲ, ಮೂರು ಹಗಲು ಮೂರು ರಾತ್ರಿ, ಎಡೆಬಿಡದೆ ಸಾಗುವುದು. ಬಳೆ ಮಾರಿ ಬದುಕಿದ, ಕನ್ನಡ ತೆಲುಗುಗಳೆರಡರಲ್ಲಿಯೂ ಪದಗಳನ್ನು ಹಾಡಿದ ನಾರೇಯಣ ಯತಿಗಳ, ಎಂದರೆ ಜನರ ಬಾಯಲ್ಲಿ ಕೈವಾರ ತಾತಯ್ಯನವರ, ಹೆಸರಿನಲ್ಲಿ ನಡೆಯುವ ಉತ್ಸವವಿದು. ಅಲ್ಲಿ ಹೆಸರಾಂತ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಗಳ ಭಜನೆಯ ಮೇಳಗಳೂ ಹಾಡುತ್ತವೆ. ರಾತ್ರಿ ಮೂರು ಗಂಟೆಯ ಹೊತ್ತಿಗೆ ಸರದಿ ಬಂದ ಮೇಳಕ್ಕೆ ಕೇಳುವವರು ಎಷ್ಟು ಮಂದಿಯೆಂಬ ಲೆಕ್ಕವಿಲ್ಲ. ಎಳೆ ಕಡಿಯದಂತೆ ಹಾಡುವುದೇ ಅಲ್ಲಿಯ ಲೆಕ್ಕ. ವೃತ್ತಿಯವರಿಗೂ ಹವ್ಯಾಸಿಗಳಿಗೂ ಇರುವ ಅಂತರ ವಿದ್ವತ್ತಿನಲ್ಲಿ ಅಳಿಯುವುದಿಲ್ಲ, ಅಳಿಯಬೇಕಾದುದೂ ಇಲ್ಲ. ಸರದಿಯನ್ನು ನಿಷ್ಠೆಯಿಂದ ಕಾಯುವುದರಲ್ಲಿ ಮಾತ್ರ ಅಳಿಯುತ್ತದೆ.

ಕಚೇರಿಯೆಂಬ ಮಾತಿನ ವ್ಯಾಪ್ತಿಯನ್ನು ಕುರಿತು ಸುಶಿಕ್ಷಿತರಲ್ಲಿ ಒಂದು ಸಂಕೋಚವಿದೆ. ಪಿಟೀಲು ಮೃದಂಗಗಳಿದ್ದರೆ ಸಂಗೀತ, ತಮಟೆಯಾದರೆ ಸದ್ದು ಎಂಬುದು ಅನೇಕರ ಮನಸ್ಸಿನಲ್ಲಿ ಅಡಗಿರುವ ವಿಂಗಡಣೆ. ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ದೊರೆತಾಗ ಎಷ್ಟೋ ಮನೆಗಳಲ್ಲಿ ಆ ವಾದ್ಯದ ಹೆಸರು ಗೌರವದಿಂದ ಉಚ್ಚರಿತವಾಯಿತು. ಪ್ರಶಸ್ತಿ ಬಂದ ಮೇಲೆ ಕಿವಿ ತೆರೆಯುವುದು ರಸಿಕತೆಯ ಲಕ್ಷಣವಲ್ಲ. ಬೆಂಕಿಗೆ ಹಿಡಿದು ಚರ್ಮವನ್ನು ಹದಕ್ಕೆ ತರುವುದು, ಎರಡು ಕಡ್ಡಿಗಳ ಪೆಟ್ಟಿನಲ್ಲಿ ಗತಿಗಳನ್ನು ಬದಲಿಸುವುದು, ಕುಣಿಯುವವರ ಹೆಜ್ಜೆಯನ್ನು ಕಣ್ಣಿನಿಂದ ಹಿಡಿದು ಕೈಗೆ ಒಪ್ಪಿಸುವುದು, ಇವು ಲಯಜ್ಞಾನವಲ್ಲದೆ ಮತ್ತೇನು? ಜಾತಿಯ ಕಾರಣದಿಂದ ಊರ ಹೊರಗೆ ಇಟ್ಟಿದ್ದ ವಾದ್ಯವನ್ನು ರಸಿಕತೆಯ ಹೊರಗೂ ಇಟ್ಟದ್ದು ಈ ಸೀಮೆಯ ಸುಶಿಕ್ಷಿತ ಅಭಿರುಚಿಯ ದೊಡ್ಡ ಲೋಪ.

ಕೇಳುವವರ ಇನ್ನೊಂದು ದೋಷ ಹೊಸದು. ವಿದ್ವಾಂಸರು ರಾಗವನ್ನು ಎತ್ತಿಕೊಂಡ ಕ್ಷಣವೇ ಸಭೆಯಲ್ಲಿ ಮೊಬೈಲುಗಳು ಮೇಲೇಳುತ್ತವೆ. ಮುಂದೆ ಕೇಳೋಣವೆಂದು ಹಿಡಿದಿಟ್ಟುಕೊಳ್ಳುವವರು ಈಗ ಕೇಳುವುದನ್ನು ಬಿಡುತ್ತಾರೆ, ಮುಂದೆಯೂ ಕೇಳುವುದಿಲ್ಲ. ಹಾಗೆಂದು ಯಂತ್ರವನ್ನೇ ಹಳಿಯುವುದು ನ್ಯಾಯವಲ್ಲ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿಗಾಗಿ ಹಾಡಿದಾಗ ಒಂದು ತಟ್ಟೆಯ ಮೇಲೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ಅವರು ೧೯೩೦ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ಧ್ವನಿ ಇಂದಿಗೂ ಕೇಳುತ್ತಿದೆಯೆಂಬುದು ಯಂತ್ರದ ಉಪಕಾರ. ಆದರೆ ಆ ಮೂರು ನಿಮಿಷಗಳಿಗಾಗಿ ಹಾಡುಗಾರ್ತಿ ತಮ್ಮ ವಿದ್ಯೆಯನ್ನೆಲ್ಲ ಅಡಕಗೊಳಿಸಬೇಕಾಯಿತು. ಅಲ್ಲಿ ಯಂತ್ರದ ಹಿಂದೆ ಒಂದು ಶ್ರಮವಿತ್ತು. ಇಂದು ಮೂರು ಗಂಟೆಯನ್ನು ಹಿಡಿಯುವ ಯಂತ್ರವಿದ್ದೂ ಮೂರು ನಿಮಿಷ ಕೇಳುವ ತಾಳ್ಮೆಯಿಲ್ಲದಿದ್ದರೆ ಕೊರತೆ ಯಂತ್ರದ್ದಲ್ಲ.

ಕಚೇರಿಗೆ ಬೇರು ಮನೆ. ಗೌರಿಬಿದನೂರಿನ ಕಡೆಯ ಚಿಂತಲಪಲ್ಲಿಯ ಹೆಸರು ಕರ್ನಾಟಕ ಸಂಗೀತದಲ್ಲಿ ಉಳಿದಿರುವುದು ಆ ಊರಿನಲ್ಲಿ ದೊಡ್ಡ ಸಭಾಮಂದಿರವಿದ್ದುದರಿಂದಲ್ಲ. ಚಿಂತಲಪಲ್ಲಿ ವೆಂಕಟರಾಯರು, ಅವರ ತರುವಾಯ ಚಿಂತಲಪಲ್ಲಿ ರಾಮಚಂದ್ರರಾಯರು, ಹೀಗೆ ವಿದ್ಯೆಯು ಒಂದು ಮನೆತನದಲ್ಲಿ ತಲೆಯಿಂದ ತಲೆಗೆ ಇಳಿದು ಬಂದುದರಿಂದ. ಮಗು ಪಾಠಕ್ಕೆ ಕುಳಿತುಕೊಳ್ಳುವ ಮೊದಲೇ, ತೊಟ್ಟಿಲಿನಲ್ಲಿ, ನಡುಮನೆಯಲ್ಲಿ, ಊಟದ ಎಲೆಯ ಮುಂದೆ ಕೇಳಿದ ಸ್ವರಗಳೇ ಅದರ ಮೊದಲ ಪಾಠ. ಎಲ್ಲ ಮನೆಗಳೂ ವಿದ್ವಾಂಸರ ಮನೆಗಳಾಗಬೇಕಿಲ್ಲ. ಹಸೆಯ ಹಾಡು, ಆರತಿಯ ಹಾಡು, ಶನಿವಾರದ ಭಜನೆ, ಇಷ್ಟಿದ್ದರೂ ಸಾಕು. ಮನೆಯು ಹಾಡನ್ನು ಬಲ್ಲ ಮನೆಯಾಗುತ್ತದೆ.

ಮನೆಯ ಸಂಗೀತವನ್ನು ಅಳೆಯುವ ಅಳತೆಗೋಲು ಸಭೆಯದಲ್ಲ. ಇದನ್ನು ಮರೆತದ್ದಕ್ಕೆ ಹಾರ್ಮೋನಿಯಂ ಒಂದು ಉದಾಹರಣೆ. ಗಮಕಗಳನ್ನು ಅದರ ಮನೆಗಳಿಂದ ಹೊರಡಿಸಲಾಗದೆಂಬ ಆಕ್ಷೇಪದ ಮೇಲೆ ಆಲ್ ಇಂಡಿಯಾ ರೇಡಿಯೋ ೧೯೪೦ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು ೧೯೭೧ರಲ್ಲಿ. ಶಾಸ್ತ್ರದ ದೃಷ್ಟಿಯಿಂದ ಆಕ್ಷೇಪ ನಿಜವೇ. ಆದರೆ ಆ ಮೂವತ್ತು ವರ್ಷಗಳಲ್ಲಿಯೂ ಭಜನೆಯ ಮನೆಗಳಲ್ಲಿ, ನಾಟಕದ ಕಂಪೆನಿಗಳಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಶ್ರುತಿ ನಿಲ್ಲದ ಹತ್ತು ಕಂಠಗಳನ್ನು ಒಂದು ದಾರಿಗೆ ತರುವುದು ಅದರ ಕೆಲಸವಾಗಿತ್ತು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಅದಕ್ಕೆ ಐದು ವರ್ಷ ಹಿಂದೆ, ೧೯೩೫ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರವನ್ನು ಆರಂಭಿಸಿದ್ದರು. ಆ ಮನೆಯ ನಿಲಯಕ್ಕೆ ಬಂದ 'ಆಕಾಶವಾಣಿ'ಯೆಂಬ ಹೆಸರು ಮುಂದೆ ದೇಶದ ರೇಡಿಯೋವಿಗೇ ಹೆಸರಾಯಿತು. ಹವ್ಯಾಸವು ಮನೆಯ ಹೊಸಿಲಿನೊಳಗೆ ಹುಟ್ಟಿದ ಮಾತ್ರಕ್ಕೆ ಅಲ್ಪವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಮನೆಗಳಲ್ಲಿ ಹಾರ್ಮೋನಿಯಂ ಇರುತ್ತಿದ್ದ ಸ್ಥಳಕ್ಕೆ ಕರೋಕೆ ಬಂದಿದೆ. ಸಿದ್ಧವಾದ ಪಕ್ಕವಾದ್ಯವನ್ನು ಯಂತ್ರವು ನುಡಿಸುತ್ತದೆ, ಮನೆಯವರು ಅದರ ಮೇಲೆ ಹಾಡುತ್ತಾರೆ. ನಾಚಿಕೆಯುಳ್ಳ ಎಷ್ಟೋ ಕಂಠಗಳಿಗೆ ಅದು ಧೈರ್ಯ ಕೊಟ್ಟಿದೆಯೆಂಬುದನ್ನು ಒಪ್ಪಬೇಕು. ಆದರೆ ಅದರ ನ್ಯೂನತೆ ಮೂಲದಲ್ಲಿಯೇ ಇದೆ: ಅದು ಹಾಡುವವರನ್ನು ಕೇಳುವುದಿಲ್ಲ. ಮೃದಂಗದವನು ಗಾಯಕನ ಉಸಿರನ್ನು ನೋಡಿಕೊಂಡು ನುಡಿಸುತ್ತಾನೆ. ಗಾಯಕನಿಗೆ ನೆರವಲಿನಲ್ಲಿ ಒಂದು ಸಾಲು ರುಚಿಸಿದರೆ ಹತ್ತು ಆವರ್ತ ಅಲ್ಲಿಯೇ ನಿಲ್ಲುತ್ತಾನೆ, ವಾದ್ಯಗಳೂ ನಿಲ್ಲುತ್ತವೆ. ತಂಬೂರಿಯಂತೂ ಎಷ್ಟು ಹೊತ್ತಾದರೂ ಕಾಯುತ್ತದೆ. ಕರೋಕೆ ಕಾಯುವುದಿಲ್ಲ, ಹಾಡುವವರೇ ಅದರ ಹಿಂದೆ ಓಡಬೇಕು. ಕೇಳುವ ಜೊತೆಗಾರನಿಲ್ಲದ ಕಡೆ ಮನೋಧರ್ಮ ಬೆಳೆಯಲಾರದು. ಹಾಡಿದ ಮೇಲೆ ಅದನ್ನು ನೂರು ಮಂದಿಗೆ ಕಳುಹಿಸಿ, ಮೆಚ್ಚುಗೆಯ ಗುರುತುಗಳನ್ನು ಎಣಿಸಿಕೊಂಡು ಕೂರುವುದು ವಿಲಾಸದ ಕಡೆಗೆ ವಾಲುವ ಹೆಜ್ಜೆ. ಅದೇ ಹಾಡನ್ನು ಮರುದಿನ ಯಾರೂ ಕೇಳದಿರುವಾಗ ತಿದ್ದಿ ಹಾಡುವುದು ಉಪಾಸನೆಯ ಕಡೆಗೆ.

ಇದೇ ಮಾತು ಛಾಯಾಚಿತ್ರಕ್ಕೂ ಸಲ್ಲುತ್ತದೆ. ೧೮೩೯ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಈ ವಿದ್ಯೆಯನ್ನು ೧೮೮೮ರ ಕೊಡಕ್ ಕ್ಯಾಮೆರಾ ಸಾಮಾನ್ಯರ ಕೈಗೆ ಇತ್ತಿತು. ಚಿತ್ರವನ್ನು ಯಂತ್ರವೇ ಬರೆಯುವುದಾದರೆ ಮನುಷ್ಯನ ಪಾಲೇನು ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನವರೆಗೆ ಕಾಯಬೇಕು, ಏನನ್ನು ಚೌಕಟ್ಟಿನ ಹೊರಗೆ ಬಿಡಬೇಕು: ಈ ಮೂರು ನಿರ್ಣಯಗಳೇ ಮನುಷ್ಯನ ಪಾಲು. ೪,೮೦೦ ಅಡಿಗೂ ಮೀರಿದ ನಂದಿಯ ನೆತ್ತಿಯ ಮೇಲೆ ಪ್ರತಿ ಭಾನುವಾರವೂ ತೆಗೆಯುವ ಚಿತ್ರಗಳಲ್ಲಿ ಈ ಮೂರೂ ಮೊದಲೇ ನಿರ್ಣೀತವಾಗಿರುತ್ತವೆ. ಎಲ್ಲರೂ ನಿಲ್ಲುವ ಸ್ಥಳ ಒಂದೇ, ಸೂರ್ಯೋದಯದ ಹೊತ್ತು ಒಂದೇ, ಮೋಡಗಳ ಕಡಲೂ ಒಂದೇ. ಅವು ಚೆನ್ನಾಗಿಲ್ಲವೆಂದಲ್ಲ. ಒಬ್ಬರದು ಇನ್ನೊಬ್ಬರದಾಗಿದ್ದರೂ ಗೊತ್ತಾಗುವುದಿಲ್ಲವೆಂಬುದೇ ಅವುಗಳ ಮೇಲಣ ಆಕ್ಷೇಪ.

ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ದೇವಾಲಯವಿದೆ. ಅಲ್ಲಿಯ ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳ ಮೇಲೆ ಬೆಳಗಿನ ಬೆಳಕು ಬೀಳುವ ರೀತಿ ಬೇರೆ, ಮಳೆಗಾಲದ ಮಧ್ಯಾಹ್ನದ ರೀತಿ ಬೇರೆ. ಜಿಲ್ಲೆಯ ಹವ್ಯಾಸಿಯೊಬ್ಬನು ಒಂದು ವರ್ಷದಲ್ಲಿ ಹನ್ನೆರಡು ಸಲ ಒಂದೇ ಕಂಬದ ಮುಂದೆ ನಿಂತರೆ, ಗಾಯಕನು ಒಂದೇ ರಾಗವನ್ನು ವರ್ಷವೆಲ್ಲ ಸಾಧಿಸಿದ ಫಲ ಅವನಿಗೂ ದೊರೆಯುವುದು. ದೂರದಿಂದ ಒಂದು ದಿನಕ್ಕೆ ಬರುವವನಿಗೆ ಈ ಭಾಗ್ಯವಿಲ್ಲ. ಸ್ಥಳೀಯನ ಬಂಡವಾಳ ಒಳ್ಳೆಯ ಕ್ಯಾಮೆರಾ ಅಲ್ಲ; ಮರಳಿ ಮರಳಿ ಹೋಗುವ ಅವಕಾಶ. ಅದನ್ನು ಬಳಸದೆ ಅವನೂ ಪ್ರವಾಸಿಯಂತೆಯೇ ನೋಡುವುದು ಸೋಜಿಗ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಗಳಿವೆ. ಕುದಿನೀರಿನ ಆವಿ, ಆ ಆವಿಯಲ್ಲಿ ಮಸುಕಾದ ಕಿಟಕಿಯ ಬೆಳಕು, ಹಬೆಯಲ್ಲಿ ಸುಕ್ಕುಗಟ್ಟಿದ ಬೆರಳುಗಳು, ಅಂಗಳದಲ್ಲಿ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳ ಸುರುಳಿ. ಬೆಳಕನ್ನೇ ಭಾಷೆಯಾಗಿ ಉಳ್ಳ ಕಲೆಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿದೆ? ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಕೆಲಸ ಮಾಡುವ ಕೈ ಕೇವಲ ನೋಟದ ಚೆಲುವಲ್ಲ, ಅದಕ್ಕೊಬ್ಬ ಒಡೆಯನಿದ್ದಾನೆ. ಅವನ ಅನುಮತಿಯನ್ನು ಕೇಳದೆ ತೆಗೆದ ಚಿತ್ರ, ತೆಗೆದ ಮೇಲೆ ಅವನಿಗೆ ತೋರಿಸದ ಚಿತ್ರ, ಎಷ್ಟು ಸೊಗಸಾಗಿದ್ದರೂ ಕದ್ದ ಸೊಗಸು.

ಚಿತ್ರಕ್ಕೆ ಇನ್ನೊಂದು ವಿನೀತವಾದ ಸೇವೆಯುಂಟು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಆ ಊರಿಗೆ ಹೆಸರು ಕೊಟ್ಟ ಪುರಾತನವಾದ ಅಶ್ವತ್ಥವೃಕ್ಷ ೨೦೦೧ರಲ್ಲಿ ಉರುಳಿತು. ಹರಕೆಗೆ ಹೋದಾಗ ಅದರ ಮುಂದೆ ನಿಂತು ತೆಗೆಸಿಕೊಂಡ ಚಿತ್ರವೊಂದು ಯಾವ ಮನೆಯ ಪೆಟ್ಟಿಗೆಯಲ್ಲಿದ್ದರೂ ಅದು ಈಗ ಆ ಕುಟುಂಬದ ಸ್ವತ್ತು ಮಾತ್ರವಲ್ಲ, ಸೀಮೆಯ ದಾಖಲೆ. ತೆಗೆದವನು ಕಲಾವಿದನಲ್ಲದಿರಬಹುದು. ಹಿಂಬದಿಯಲ್ಲಿ ಇಸವಿಯನ್ನೂ ನಿಂತವರ ಹೆಸರುಗಳನ್ನೂ ಬರೆದಿಟ್ಟಿದ್ದರೆ ಅವನು ಮಾಡಿದ್ದು ಉಪಾಸನೆಯೇ. ಇಂದಿನ ಮೊಬೈಲುಗಳಲ್ಲಿ ತುಂಬಿರುವ ಸಾವಿರ ಚಿತ್ರಗಳಲ್ಲಿ ಹೆಸರಿಟ್ಟವು ಎಷ್ಟು?

ಹಾಡಿಗೂ ಚಿತ್ರಕ್ಕೂ ಒಂದು ಭೇದವಿದೆ, ಅದನ್ನು ಮರೆಯಲಾಗದು. ಚಿತ್ರವು ಪೆಟ್ಟಿಗೆಯಲ್ಲಿ ಐವತ್ತು ವರ್ಷ ಮಲಗಿದ್ದು ಎಚ್ಚರಗೊಳ್ಳಬಲ್ಲದು. ಹಾಡು ಹಾಗಲ್ಲ. ಮನೆಯಲ್ಲಿ ಒಂದು ತಲೆಮಾರು ಹಾಡದೆ ಬಿಟ್ಟರೆ ಅದು ಹೋದಂತೆಯೇ. ಅಜ್ಜಿಯ ಹಾಡನ್ನು ಯಂತ್ರದಲ್ಲಿ ಹಿಡಿದಿಟ್ಟರೆ ಉಳಿಯುವುದು ಅಜ್ಜಿಯ ಧ್ವನಿ; ಹಾಡು ಉಳಿಯಬೇಕಾದರೆ ಮೊಮ್ಮಗಳು ಪಕ್ಕದಲ್ಲಿ ಕುಳಿತು ತಪ್ಪುತ್ತ ತಪ್ಪುತ್ತ ಕಲಿಯಬೇಕು. ಎರಡೂ ಬೇಕಾದುವೇ. ಆದರೆ ಮೊದಲನೆಯದು ಸುಲಭವಾಗಿರುವುದರಿಂದ ಎರಡನೆಯದನ್ನೂ ಮಾಡಿದಂತಾಯಿತೆಂಬ ಭ್ರಮೆ ಹುಟ್ಟುತ್ತದೆ. ಈ ಕಾಲದ ಹವ್ಯಾಸಿಗೆ ಒದಗಿರುವ ಅಪಾಯ ಇದು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರು. ಸಂಗೀತ ಅವರ ವೃತ್ತಿಯಲ್ಲ. ಆದರೂ ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಆವರಣದಲ್ಲಿ ಲಲಿತಕಲಾ ಪರಿಷತ್ತನ್ನು ಕಟ್ಟಿ ಕಲೆಗಳಿಗೆ ಎಡೆ ಮಾಡಿದರು. ಈ ಸೀಮೆಯ ಮಗನೊಬ್ಬನು ಬೆಂಗಳೂರಿಗೆ ಮಾಡಿಕೊಟ್ಟ ಎಡೆಯನ್ನು ಈ ಸೀಮೆಯ ಊರುಗಳು ತಮಗಾಗಿ ಮಾಡಿಕೊಳ್ಳಲಾರದಷ್ಟು ಬಡವಾಗಿಲ್ಲ. ದೊಡ್ಡ ಸಭಾಂಗಣ ಬೇಡ, ಧ್ವನಿವರ್ಧಕವೂ ಬೇಡ. ತಿಂಗಳಿಗೊಂದು ಸಂಜೆ ಯಾರದಾದರೂ ನಡುಮನೆಯಲ್ಲಿ ಜಮಖಾನ ಹಾಸಿ, ಮೊಬೈಲುಗಳನ್ನು ಚಪ್ಪಲಿಗಳ ಜೊತೆಗೆ ಹೊರಗಿಟ್ಟು, ಹತ್ತು ಮಂದಿ ಕುಳಿತರೆ ಸಾಕು. ಒಬ್ಬರು ಹಾಡಲಿ, ಒಬ್ಬರು ತಾವು ತೆಗೆದ ಒಂದೇ ಒಂದು ಚಿತ್ರವನ್ನು ಕೈಯಿಂದ ಕೈಗೆ ದಾಟಿಸಲಿ, ಉಳಿದವರು ಕೇಳಲಿ, ನೋಡಲಿ, ಒಂದೆರಡು ತಪ್ಪುಗಳನ್ನು ಸ್ನೇಹದಿಂದ ತೋರಿಸಲಿ. ಮುಂದಿನ ತಿಂಗಳು ಅವರು ಅದೇ ಹಾಡನ್ನು ಸ್ವಲ್ಪ ಚೆನ್ನಾಗಿ ಹಾಡಿದರೆ, ವಿಲಾಸವೋ ಉಪಾಸನೆಯೋ ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಮತ್ತೆ ಕೇಳಬೇಕಾದ ಅವಶ್ಯಕತೆ ಬೀಳುವುದಿಲ್ಲ.