ಕಣ್ಣು ಮುಚ್ಚಿ ಕಲಿಯುವ ವರಸೆ

ಯುರೋಪಿನ ಹಳೆಯ ಕತ್ತಿವರಸೆ ಕಲಿಯಲು ಬಂದವರು ಮೊದಲು ಕೇಳುವುದು ಹೊಡೆತಗಳನ್ನು. ಜರ್ಮನ್ ಉದ್ದಗತ್ತಿಯ ಪರಂಪರೆಯಲ್ಲಿ ಅವುಗಳಿಗೇನೂ ಬರವಿಲ್ಲ. ಗುರುಹೊಡೆತಗಳೆಂದು ಹೆಸರಾದವೇ ಐದಿವೆ. ಆದರೆ ಈ ವಿದ್ಯೆಯ ಜೀವ ಇರುವುದು ಎರಡು ಕತ್ತಿಗಳು ತಾಗಿ ನಿಂತ ಅರೆಗಳಿಗೆಯಲ್ಲಿ. ಎದುರಾಳಿಯ ಬಲವನ್ನು ಆಗ ಕೈಯಿಂದಲೇ ಓದಬೇಕು. ಇದಕ್ಕೆ ಅಲ್ಲಿನ ಗುರುಗಳು ಇಟ್ಟ ಹೆಸರು ‘ಫ್ಯೂಲೆನ್’, ಎಂದರೆ ಮುಟ್ಟಿ ಅರಿಯುವುದು.

ಈ ಪರಂಪರೆಯ ಮೂಲಪುರುಷ 14ನೇ ಶತಮಾನದ ಯೊಹಾನಸ್ ಲೀಖ್ಟೆನಾವರ್. ಆತ ವಿದ್ಯೆಯನ್ನು ಒಗಟಿನಂಥ ಪದ್ಯಗಳಲ್ಲಿ ಅಡಗಿಸಿಟ್ಟ. ಹೊರಗಿನವರಿಗೆ ಅರ್ಥವಾಗಬಾರದು ಎಂಬುದೇ ಉದ್ದೇಶ. ನಮ್ಮಲ್ಲಿ ಸೂತ್ರಕ್ಕೆ ಭಾಷ್ಯ ಬಂದ ಹಾಗೆ, 15ನೇ ಶತಮಾನದಲ್ಲಿ ರಿಂಗೆಕ್ ಮೊದಲಾದವರು ಅವಕ್ಕೆ ವ್ಯಾಖ್ಯಾನ ಬರೆದರು. ಗುರುಶಿಷ್ಯರ ಸರಪಳಿ ಕಡಿದುಹೋದ ಮೇಲೆ ಇಂದಿನ ಅಭ್ಯಾಸಿಗಳಿಗೆ ಉಳಿದಿರುವುದು ಆ ಹಸ್ತಪ್ರತಿಗಳೇ.

ಆ ಗುರುಗಳು ‘ತ್ಸೋರ್ನ್‌ಹಾವ್’ ಎಂದು ಕರೆದ ಕೋಪದ ಹೊಡೆತವನ್ನೇ ನೋಡಿ. ಎದುರಾಳಿ ತನ್ನ ಬಲಗಡೆಯಿಂದ ತಲೆಯತ್ತ ಓರೆಯಾಗಿ ಬೀಸುತ್ತಾನೆ. ನೀವೂ ಬಲಗಡೆಯಿಂದಲೇ, ಬಲಗಾಲು ಮುಂದಿಟ್ಟು, ಅವನ ಕತ್ತಿಯ ಮೇಲೆ ಬೀಸುತ್ತೀರಿ. ಅಲಗುಗಳು ತಾಗಿದವು. ಅವನ ಒತ್ತು ಮೆದುವಾಗಿದ್ದರೆ ನಿಮ್ಮ ತುದಿ ನೇರ ಅವನ ಮುಖಕ್ಕೆ ಹಾಯುತ್ತದೆ. ಗಟ್ಟಿಯಾಗಿ ಪಕ್ಕಕ್ಕೆ ತಳ್ಳಿದನೋ, ಜಗ್ಗಾಡುತ್ತ ನಿಲ್ಲಬೇಡಿ. ಕತ್ತಿಯನ್ನು ಅವನ ಅಲಗಿನುದ್ದಕ್ಕೂ ಮೇಲೆ ಸರಿಸಿ ಬಿಡಿಸಿಕೊಂಡು, ತಲೆಯ ಇನ್ನೊಂದು ಬದಿಗೆ ಹೊಡೆಯಿರಿ. ಅವನು ತಳ್ಳಿದ ಬಲವೇ ಆ ಬದಿಯನ್ನು ತೆರೆದುಕೊಟ್ಟಿರುತ್ತದೆ. ಈ ನಿರ್ಧಾರಕ್ಕೆ ಕಣ್ಣನ್ನು ನಂಬಿದರೆ ತಡವಾಗುತ್ತದೆ.

ಅದಕ್ಕೇ ಈ ಅಭ್ಯಾಸ. ಇಬ್ಬರು ಅಲಗಿನ ನಡುಭಾಗ ತಾಗಿಸಿ ನಿಲ್ಲಿ. ಒಬ್ಬರು ಕಣ್ಣು ಮುಚ್ಚಲಿ. ಇನ್ನೊಬ್ಬರು ಒತ್ತಬಹುದು, ಸಡಿಲಿಸಬಹುದು, ಕತ್ತಿಯನ್ನು ಪೂರ್ತಿ ತೆಗೆದುಬಿಡಬಹುದು. ಕಣ್ಣು ಮುಚ್ಚಿದವರು ಒತ್ತಿಗೆ ಬಿಡಿಸಿಕೊಳ್ಳಬೇಕು, ಸಡಿಲಕ್ಕೆ ತಿವಿಯಬೇಕು, ಕತ್ತಿ ದೂರವಾದರೆ ಅದರ ಬೆನ್ನುಹತ್ತಬೇಕು. ಆಮೆಯ ವೇಗ ಸಾಕು. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಹಿಡಿಯನ್ನು ಉಸಿರುಕಟ್ಟುವಂತೆ ಬಿಗಿಯುವುದು. ಮುಷ್ಟಿ ಬಿಗಿದರೆ ತಿಳಿಯುವುದು ತನ್ನ ಬಲವಷ್ಟೇ. ಸುಮಾರು ಒಂದೂವರೆ ಕಿಲೋ ತೂಗುವ ಕತ್ತಿಗೆ ಅಷ್ಟು ಬಿಗಿ ಬೇಕಾಗಿಯೂ ಇಲ್ಲ.

ಕೊಂಚ ಅನುಭವವಾದ ಮೇಲೆ ತಾಗುವ ಜಾಗ ಬದಲಿಸಿ. ಹಿಡಿಯ ಕಡೆಯ ಅರ್ಧ ಕತ್ತಿಯ ಬಲ, ತುದಿಯ ಕಡೆಯದು ದುರ್ಬಲ. ನಿಮ್ಮ ಬಲದ ಭಾಗ ಅವರ ತುದಿಯನ್ನು ಹಿಡಿದಾಗ, ಸನ್ನೆಕೋಲಿನಂತೆ, ದೈತ್ಯನ ತೋಳೂ ಹಗುರವಾಗಿಬಿಡುತ್ತದೆ. ಇಷ್ಟು ಸಂತೋಷ ಕೊಡುವ ಕ್ಷಣ ಈ ವಿದ್ಯೆಯಲ್ಲಿ ಬೇರೊಂದಿಲ್ಲ ಎನ್ನುವುದು ನನ್ನ ಮತ.

ಒಬ್ಬರೇ ಇದ್ದ ದಿನ ಕತ್ತಿವರಸೆಯ ಗುರು ಯೋಆಖಿಮ್ ಮಾಯರ್ 1570ರ ತನ್ನ ಗ್ರಂಥದಲ್ಲಿ ಹೊಡೆತಗಳ ಕ್ರಮಕ್ಕೆ ಕೊಟ್ಟ ಅಂಕಿಚಿತ್ರವನ್ನು ಗೋಡೆಗೆ ಅಂಟಿಸಿ, ಅದರ ಕ್ರಮದಲ್ಲಿ ನಾಲ್ಕೂ ದಿಕ್ಕಿನಿಂದ ಗಾಳಿಗೆ ಬೀಸಬಹುದು. ಕಾಲು, ಭುಜ ಪಳಗುತ್ತವೆ. ಒತ್ತು ಅರಿಯಲು ಮಾತ್ರ ಇನ್ನೊಬ್ಬರು ಬೇಕೇ ಬೇಕು.

ಉಕ್ಕಿನ ಕತ್ತಿಗೆ ಈಗಲೇ ದುಡ್ಡು ಸುರಿಯಬೇಡಿ. ಮರದ ಕತ್ತಿಯಲ್ಲೇ ಶುರುಮಾಡಿ. ಆದರೆ ಎಷ್ಟೇ ನಿಧಾನವಾಗಿ ಆಡಿದರೂ ಇಬ್ಬರಿಗೂ ಮುಖಗವಸು ಇರಲಿ. ತುದಿ ಹಾಯುವುದು ಮುಖಕ್ಕೇ.