ಸ್ವಾತಂತ್ರ್ಯದ ಖರ್ಚು: ಗ್ನೂ ಪ್ರಣಾಳಿಕೆಯ ಮರುಓದು

ರಿಚರ್ಡ್ ಸ್ಟಾಲ್‌ಮನ್ ಬರೆದ 'ಗ್ನೂ ಪ್ರಣಾಳಿಕೆ'ಯನ್ನು ನಾನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ. ಆಗ ಅದರಲ್ಲಿ ನನಗೆ ಕೇಳಿಸಿದ್ದು ಒಂದೇ ದನಿ: ತಂತ್ರಾಂಶವನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಸಜ್ಜನಿಕೆ, ಹಂಚಿಕೊಳ್ಳಬೇಡ ಎನ್ನುವುದು ಅನ್ಯಾಯ. ಇತ್ತೀಚೆಗೆ ಮತ್ತೆ ಓದಿದಾಗ ಆಶ್ಚರ್ಯವಾಯಿತು. ಆ ಬರಹದ ದೊಡ್ಡ ಪಾಲು ದುಡ್ಡಿನ ಮಾತೇ. ಸ್ವಾತಂತ್ರ್ಯದ ಉತ್ಸಾಹದಲ್ಲಿ ಓದುತ್ತಿದ್ದ ನಾನು ಆ ಪುಟಗಳನ್ನು ಹಾರಿಸಿಕೊಂಡು ಹೋಗಿದ್ದೆ. ನನ್ನಂತೆ ಹಾರಿಸಿದವರು ಬಹಳ ಮಂದಿ ಇರಬೇಕು.

ಪ್ರಣಾಳಿಕೆ ಅಚ್ಚಾದದ್ದು 1985ರ ಮಾರ್ಚ್‌ನಲ್ಲಿ, 'ಡಾ. ಡಾಬ್ಸ್ ಜರ್ನಲ್' ಎಂಬ ಅಮೆರಿಕದ ಪತ್ರಿಕೆಯಲ್ಲಿ. ಯುನಿಕ್ಸ್‌ಗೆ ಬದಲಾಗಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಬರೆಯುತ್ತಿದ್ದೇನೆ, ಕೈಜೋಡಿಸಿ ಎಂಬ ಕರೆ ಅದು. ಅದರ ಎರಡನೆಯ ಭಾಗದ ಕಟ್ಟಡ ನಮಗೆ ಅಪರಿಚಿತವಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಮುಂದಿಟ್ಟು, ಖಂಡಿಸಿ, ಸಿದ್ಧಾಂತಕ್ಕೆ ಬರುವಂತೆ ಸ್ಟಾಲ್‌ಮನ್ ಒಂದೊಂದೇ ಆಕ್ಷೇಪ ಎತ್ತಿಕೊಂಡು ಉತ್ತರಿಸುತ್ತಾರೆ. ಆಕ್ಷೇಪಗಳಲ್ಲಿ ಹೆಚ್ಚಿನವು ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಹೀಗಾದರೆ ಪ್ರೋಗ್ರಾಂ ಬರೆಯುವವರ ಹೊಟ್ಟೆಪಾಡೇನು?

ಅವರ ಉತ್ತರದಲ್ಲಿ ಒಂದು ತುಂಟತನವಿದೆ. ಬೀದಿಯಲ್ಲಿ ನಿಂತು ಮುಖ ಕಿವಿಚಿ ತೋರಿಸಿದರೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗೆಂದು ಜನ ಅದನ್ನೇ ಮಾಡುತ್ತ ಉಪವಾಸ ಸಾಯುವುದಿಲ್ಲ, ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ ಎನ್ನುತ್ತಾರೆ. ಮರುಗಳಿಗೆಯಲ್ಲೇ ಈ ಉತ್ತರ ಸರಿಯಲ್ಲ ಎಂದು ತಾವೇ ತಳ್ಳಿಹಾಕಿ, ಸಂಪಾದನೆ ಇದ್ದೇ ಇರುತ್ತದೆ, ಈಗಿನಷ್ಟು ಇರಲಿಕ್ಕಿಲ್ಲ ಅಷ್ಟೆ ಎಂಬಲ್ಲಿಗೆ ಬರುತ್ತಾರೆ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅತ್ಯುತ್ತಮರು ಕಡಿಮೆ ಸಂಬಳಕ್ಕೆ, ಹೆಸರಿಗಾಗಿ ಮತ್ತು ಸೃಷ್ಟಿಯ ಸುಖಕ್ಕಾಗಿ ದುಡಿಯುತ್ತಿದ್ದರು ಎಂಬುದು ಅವರ ಸಾಕ್ಷ್ಯ. ಸಾಕ್ಷ್ಯ ನಿಜ. ಆದರೆ ಅದು ಪ್ರಯೋಗಾಲಯದ ಸೂರಿನ ಕೆಳಗೆ ನಿಂತು ನುಡಿದ ಸಾಕ್ಷ್ಯ. ಸ್ಟಾಲ್‌ಮನ್ 1984ರ ಜನವರಿಯಲ್ಲಿ ಆ ಕೆಲಸ ಬಿಟ್ಟರೂ ಅಲ್ಲಿನ ಸೌಲಭ್ಯ ಬಳಸಲು ಅವರಿಗೆ ಅವಕಾಶವಿತ್ತು. ಕಡಿಮೆ ಸಂಬಳಕ್ಕೂ ಸಂಬಳವೇ ಇಲ್ಲದ್ದಕ್ಕೂ ಇರುವ ದೂರವನ್ನು ಪ್ರಣಾಳಿಕೆ ಅಳೆಯುವುದಿಲ್ಲ.

ಹಾಗಂತ ಹಣದ ದಾರಿಗಳನ್ನು ಅದು ಹೇಳುವುದಿಲ್ಲವೆಂದಲ್ಲ. ತೃಪ್ತರಾದ ಬಳಕೆದಾರರ ದೇಣಿಗೆ. ಕಲಿಸುವುದು, ನೆರವಾಗುವುದು ಮುಂತಾದ ಸೇವೆಯ ಮಾರಾಟ. ಒಂದೇ ಬಗೆಯ ಅಗತ್ಯವಿರುವ ಬಳಕೆದಾರರು ಸಂಘ ಕಟ್ಟಿ ಚಂದಾ ಕೂಡಿಸಿ ಕೆಲಸ ಮಾಡಿಸಿಕೊಳ್ಳುವುದು. ಕೊನೆಗೆ, ಕಂಪ್ಯೂಟರ್ ಕೊಳ್ಳುವಾಗಲೇ ಬೆಲೆಯ ಇಂತಿಷ್ಟು ಪಾಲನ್ನು ತಂತ್ರಾಂಶ ತೆರಿಗೆಯಾಗಿ ಕಟ್ಟಿಸಿಕೊಳ್ಳುವುದು. ತಾನು ಮೆಚ್ಚಿದ ಯೋಜನೆಗೆ ನೇರವಾಗಿ ಕೊಟ್ಟವನಿಗೆ ಆ ತೆರಿಗೆಯಲ್ಲಿ ವಿನಾಯಿತಿಯೂ ಉಂಟು. ಸ್ವತಃ ಸ್ಟಾಲ್‌ಮನ್ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಮಾರುವುದಕ್ಕೆ ಅವರ ವಿರೋಧವಿರಲಿಲ್ಲ.

ಇಲ್ಲಿ ಇಂಗ್ಲಿಷು ಅವರ ಕಾಲಿಗೆ ತೊಡರಿತು. ಇಂಗ್ಲಿಷಿನಲ್ಲಿ ಸ್ವಾತಂತ್ರ್ಯಕ್ಕೂ ಬೆಲೆಯಿಲ್ಲದ್ದಕ್ಕೂ ಒಂದೇ ಪದ. ಜನ ತಪ್ಪು ತಿಳಿದಾಗ ಸ್ಟಾಲ್‌ಮನ್ ಮುಂದೆ ಅಡಿಟಿಪ್ಪಣಿ ಸೇರಿಸಿ, ಪದಬಳಕೆಯಲ್ಲಿ ತಾನು ಎಚ್ಚರ ತಪ್ಪಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಕನ್ನಡಕ್ಕೆ ಈ ತೊಡಕಿಲ್ಲ. ನಮ್ಮಲ್ಲಿ ಸ್ವತಂತ್ರ ಬೇರೆ, ಉಚಿತ ಬೇರೆ. 1998ರಲ್ಲಿ ಬಂದ 'ಬರಹ' ಹಲವು ವರ್ಷ ಉಚಿತವಾಗಿತ್ತು. ಅದರ ಸೋರ್ಸ್ ಕೋಡ್ ಮಾತ್ರ ತೆರೆದಿರಲಿಲ್ಲ. ಪದಗಳು ಬೇರೆಯಾದರೂ ನಮ್ಮ ನಡವಳಿಕೆ ಬೇರೆಯಾಗಲಿಲ್ಲ. ಸ್ವತಂತ್ರ ತಂತ್ರಾಂಶವನ್ನು ನಾವು ಆಡುಮಾತಿನ ಮೂರನೆಯ ಪದದಿಂದಲೇ ಅರ್ಥಮಾಡಿಕೊಂಡಿದ್ದೇವೆ: ಬಿಟ್ಟಿ. ಈ ಪದ 'ವಿಷ್ಟಿ'ಯ ತದ್ಭವ. ಅದರ ಹಳೆಯ ಅರ್ಥ, ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಪಡೆಯುವವನಿಗೆ ಬಿಟ್ಟಿಯಾದದ್ದು ಇನ್ನೊಬ್ಬನ ಬಿಟ್ಟಿ ಚಾಕರಿ ಎಂಬುದನ್ನು ನಮ್ಮ ಭಾಷೆ ಮರೆತಿಲ್ಲ. ಪ್ರಣಾಳಿಕೆ ಮರೆಯುವುದು ಇದನ್ನೇ.

ಅದು ಸೂಚಿಸಿದ ದಾರಿಗಳು ಮುಂದೇನಾದವು? ಸೇವೆಯ ಮಾರಾಟ ಗೆದ್ದಿತು. ಗ್ನೂ ತಂತ್ರಾಂಶಕ್ಕೆ ನೆರವು ಮಾರುವುದಕ್ಕೆಂದೇ 1989ರಲ್ಲಿ ಹುಟ್ಟಿದ ಸಿಗ್ನಸ್ ಕಂಪನಿಯನ್ನು ಹತ್ತು ವರ್ಷದ ನಂತರ ರೆಡ್ ಹ್ಯಾಟ್ ಕೊಂಡಿತು. ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು. ದೇಣಿಗೆಯೂ ಒಮ್ಮೊಮ್ಮೆ ಪವಾಡ ಮಾಡಿತು. 2002ರಲ್ಲಿ ಬ್ಲೆಂಡರ್ ಎಂಬ ಆನಿಮೇಷನ್ ತಂತ್ರಾಂಶದ ಕಂಪನಿ ಮುಳುಗಿದಾಗ, ಟಾನ್ ರೂಸೆಂಡಾಲ್ ಹೂಡಿಕೆದಾರರಿಂದ ಅದನ್ನು ಬಿಡಿಸಿಕೊಳ್ಳಲು ಕೈಯೊಡ್ಡಿದರು. ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಚಿತ್ರ ತಯಾರಾದದ್ದು ಆ ತಂತ್ರಾಂಶದಲ್ಲೇ.

ಸೋತದ್ದು ಇನ್ನೊಂದು ಕಡೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಬ್ಯಾಂಕು, ಅಂಗಡಿ, ಸರ್ಕಾರಗಳ ಜಾಲತಾಣಗಳ ಗುಟ್ಟು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ಆವರೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಮರುವರ್ಷ, ಈಮೇಲ್ ಗುಪ್ತವಾಗಿಡುವ ಜಿಎನ್‌ಯುಪಿಜಿಯನ್ನು 1997ರಿಂದ ಕಾಪಾಡಿಕೊಂಡು ಬಂದ ಜರ್ಮನಿಯ ವರ್ನರ್ ಕಾಖ್ ಹಣವಿಲ್ಲದೆ ಸೊರಗಿರುವ ಸುದ್ದಿ ಪ್ರಕಟವಾಯಿತು. ಆಮೇಲೆ ಹಣ ಹರಿದುಬಂತು. ಅಂದರೆ ದೇಣಿಗೆ ಬರುವುದಕ್ಕೆ ಒಂದೋ ಅನಾಹುತವಾಗಬೇಕು, ಇಲ್ಲವೇ ಪತ್ರಿಕೆಯಲ್ಲಿ ಸುದ್ದಿಯಾಗಬೇಕು.

ಪ್ರಣಾಳಿಕೆಯ ಕೊರತೆ ಇಲ್ಲಿ ಸ್ಪಷ್ಟವಾಗುತ್ತದೆ. ತಂತ್ರಾಂಶ ಬರೆಯುವುದನ್ನು ಅದು ಸೃಷ್ಟಿಯೆಂದು ಕಂಡಿತು. ನೋಡಿಕೊಳ್ಳುವ ಕೆಲಸದ ಮಾತು ಬಂದಾಗಲೂ ಅದು ಗಿರಾಕಿಯೊಬ್ಬನಿಗೆ ಮಾರುವ ಸೇವೆ. ಎಲ್ಲರೂ ಬಳಸುವ, ಯಾರೂ ಗಿರಾಕಿಯಲ್ಲದ ವಸ್ತುವನ್ನು ದಿನನಿತ್ಯ ಕಾಯುವವನಿಗೆ ಅದರಲ್ಲಿ ಹೆಸರೇ ಇಲ್ಲ. ಆ ಹೆಸರು ಕೊಡಲು ಹೊರಟದ್ದು ನಾದಿಯಾ ಎಗ್ಬಾಲ್. ಫೋರ್ಡ್ ಫೌಂಡೇಶನ್‌ಗಾಗಿ 2016ರಲ್ಲಿ ಬರೆದ ವರದಿಗೆ ಅವರು 'ರೋಡ್ಸ್ ಅಂಡ್ ಬ್ರಿಜಸ್' ಎಂದು ಹೆಸರಿಟ್ಟರು. ಸ್ಟಾಲ್‌ಮನ್ನರಲ್ಲಿ ನೆರೆಮನೆಗೆ ಕೊಡುವ ಉಡುಗೊರೆಯಾಗಿದ್ದದ್ದು ಇಲ್ಲಿ ರಸ್ತೆ, ಸೇತುವೆಯಾಯಿತು. ರೂಪಕ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಉಡುಗೊರೆಗೆ ಕೃತಜ್ಞತೆ ಸಾಕು. ರಸ್ತೆಗೆ ಬಜೆಟ್ ಬೇಕು. 2022ರಲ್ಲಿ ಜರ್ಮನಿ ಸರ್ಕಾರ ಇಂಥ ತಂತ್ರಾಂಶಗಳಿಗೆಂದೇ ಸಾರ್ವಜನಿಕ ನಿಧಿ ಸ್ಥಾಪಿಸಿತು. ಸ್ಟಾಲ್‌ಮನ್ನರ ತೆರಿಗೆಯ ಕನಸು ದೂರದಿಂದಾದರೂ ನೆನಪಾಗುತ್ತದೆ.

ಆದರೂ ಎಗ್ಬಾಲ್ ಅವರ ರೂಪಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರಸ್ತೆಗೆ ಒಡೆಯನಿದ್ದಾನೆ: ಸರ್ಕಾರ. ಸ್ವತಂತ್ರ ತಂತ್ರಾಂಶ ನಮ್ಮ ಊರ ಕೆರೆಗೆ ಹೆಚ್ಚು ಹತ್ತಿರ. ಯಾರೋ ಕಟ್ಟಿಸಿದರು, ಊರೆಲ್ಲ ಬಳಸಿತು. ಕರ್ನಾಟಕದ ಶಾಸನಗಳು ಕೆರೆ ಕಟ್ಟಿಸಿದವರ ಕೀರ್ತಿ ಹೇಳಿ ಸುಮ್ಮನಾಗುವುದಿಲ್ಲ. ಅದರ ದುರಸ್ತಿಗೆಂದು ಬಿಟ್ಟ ಭೂಮಿಯನ್ನೂ ದಾಖಲಿಸುತ್ತವೆ. ಅಂಥ ದತ್ತಿಗೆ 'ಬಿತ್ತುವಟ್ಟ' ಎಂಬ ಹೆಸರಿತ್ತು. ಕೆರೆಯ ನೀರುಂಡ ನೆಲವೇ ಕೆರೆಯನ್ನು ಸಾಕಬೇಕು ಎಂಬ ವಿವೇಕ ಅದು. ಕಟ್ಟಲು ಒಮ್ಮೆ ಕೊಟ್ಟರೆ ಸಾಕು, ಉಳಿಸಲು ವರ್ಷವರ್ಷವೂ ಕೊಡಬೇಕು.

ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ತನ್ನ ವ್ಯವಹಾರವೇ ಇವುಗಳ ಮೇಲೆ ನಿಂತಿದೆ ಎಂದು ಒಪ್ಪಿಕೊಂಡು ಕೊಟ್ಟ ಹಣವಾದ್ದರಿಂದ ನನಗದು ದಾನಕ್ಕಿಂತ ಬಿತ್ತುವಟ್ಟದಂತೆ ಕಾಣುತ್ತದೆ. ಆದರೆ ಕಂಪನಿಯ ಮನಸ್ಸು ಬದಲಾದರೆ ನಿಧಿಯೂ ಬದಲಾದೀತು. ಕನ್ನಡದ ಅಕ್ಷರ ಸರಿಯಾಗಿ ಮೂಡಿಸುವ ಫಾಂಟು, ಕೀಲಿಮಣೆ, ಕಾಗುಣಿತ ಪರೀಕ್ಷಕದಂಥ ಸಣ್ಣ ಕೆಲಸಗಳಿಗೆ ದೊಡ್ಡ ನಿಧಿಗಳ ಕಣ್ಣು ಬೀಳುವುದೂ ಕಷ್ಟ. ಅವುಗಳ ನೀರು ಕುಡಿಯುವವರು ನಾವು, ಕನ್ನಡದಲ್ಲಿ ಬರೆಯುವವರು ಮತ್ತು ಓದುವವರು.

ಇದಕ್ಕೆ ದಾರಿಯನ್ನು ನಾವು ಹೊಸದಾಗಿ ಹುಡುಕಬೇಕಿಲ್ಲ. ಸಾಕ್ಷಿ, ಸಂಕ್ರಮಣ, ಋಜುವಾತುವಿನಂಥ ಕಿರುಪತ್ರಿಕೆಗಳನ್ನು ಚಂದಾ ಕೊಟ್ಟು ಓದಿದ ಪರಂಪರೆ ನಮ್ಮದು. ಚಂದಾ ದಾನವಲ್ಲ, ಬೆಲೆಯೂ ಅಲ್ಲ. ಇದು ನಡೆಯಬೇಕು ಎಂಬ ಮಾತಿಗೆ ವರ್ಷಕ್ಕೊಮ್ಮೆ ಹಾಕುವ ರುಜು. ಪ್ರಣಾಳಿಕೆಯ ನಾಲ್ಕು ದಾರಿಗಳಲ್ಲಿ ಬಳಕೆದಾರರ ಸಂಘ, ಚಂದಾ ಎಂಬುದು ಒಂದೇ ಸಾಲಿನಷ್ಟು ಜಾಗ ಪಡೆದು ಮರೆಯಾಗುತ್ತದೆ. ಅದೇ ಅದರ ಅತ್ಯುತ್ತಮ ಸಾಲು ಎಂದು ಈಗ ನನಗನ್ನಿಸುತ್ತದೆ.

ಪ್ರಣಾಳಿಕೆ ಮುಗಿಯುವುದು, ವಾರಕ್ಕೆ ಹತ್ತು ಗಂಟೆ ಅಗತ್ಯದ ಕೆಲಸ ಮಾಡಿ ಉಳಿದ ಹೊತ್ತು ಖುಷಿಗಾಗಿ ಪ್ರೋಗ್ರಾಂ ಬರೆಯುವ ಕೊರತೆಯಿಲ್ಲದ ಲೋಕದ ಕನಸಿನಲ್ಲಿ. ನಲವತ್ತು ವರ್ಷವಾಯಿತು, ಆ ಲೋಕ ಬಂದಿಲ್ಲ. ಪ್ರೋಗ್ರಾಂ ಬರೆಯುವವರು ಮನೆಬಾಡಿಗೆ ಕಟ್ಟುತ್ತಲೇ ಇದ್ದಾರೆ. ಈ ಲೇಖನವನ್ನು ನಾನು ಬರೆದದ್ದು ಲಿಬ್ರೆಆಫೀಸಿನಲ್ಲಿ. ವರ್ಷಗಳಿಂದ ಬಳಸುತ್ತಿದ್ದೇನೆ, ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಈ ವಾರ ಕೊಟ್ಟೆ, ಒಂದು ಕಿರುಪತ್ರಿಕೆಯ ವಾರ್ಷಿಕ ಚಂದಾದಷ್ಟು. ಮುಂದಿನ ವರ್ಷ ಮತ್ತೆ ಕೊಡುವುದನ್ನು ಮರೆಯಬಾರದೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.