ಮಹಾರಾಜ ಬಗ್ಗಿದ್ದು ಯಾರಿಗೆ?

ವಿಮಾನದಲ್ಲಿ ಕಪ್ ಉಪ್ಪಿಟ್ಟಿಗೆ ದುಡ್ಡು ಕೊಡುವಾಗಲೆಲ್ಲ ನಮ್ಮ ಹಿರಿಯ ಸಹೋದ್ಯೋಗಿಗಳಿಗೆ ಹಳೇ ಏರ್ ಇಂಡಿಯಾ ನೆನಪಾಗುತ್ತೆ. ಪಿಂಗಾಣಿ ತಟ್ಟೆ, ಸೀರೆಯುಟ್ಟ ಗಗನಸಖಿ, ಆ ನಗು! ಊಟ ಚೆನ್ನಾಗಿದ್ದಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಆ ನಗುವಿಗಿದ್ದ ಕರಾರು ಗೊತ್ತಾ? ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ನೌಕರಿ ಹೋಯ್ತು. ಮೊದಲ ಸಲ ಬಸುರಿಯಾದರೂ ಅಷ್ಟೇ. ಬಸಿರಿನ ನಿಯಮವನ್ನು 1981ರಲ್ಲಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಮದುವೆಯದ್ದನ್ನು ಹಾಗೇ ಬಿಟ್ಟಿತು (ಇದನ್ಯಾರೂ ನೆನೆಸಿಕೊಂಡು ನಿಟ್ಟುಸಿರು ಬಿಡಲ್ಲ).

1946ರಲ್ಲಿ ಹುಟ್ಟಿದ ಆ ಮೀಸೆ ಮಹಾರಾಜ ಬಗ್ಗಿ ಸ್ವಾಗತಿಸುತ್ತಿದ್ದದ್ದು ಟಿಕೆಟ್ ಕೊಳ್ಳಬಲ್ಲ ನಾಲ್ಕು ಜನಕ್ಕೆ. ನಮ್ಮೂರಲ್ಲಿ ವಿಮಾನ ಅಂದ್ರೆ ಕತ್ತೆತ್ತಿ ನೋಡೋದು, ಅಷ್ಟೇ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಹಾರಿಸಿದರು. ಪುಕ್ಕಟೆ ಊಟ ಹೋಯ್ತು, ದರ ಇಳೀತು. ಅಪ್ಪ ಮೊದಲ ಸಲ ವಿಮಾನ ಹತ್ತಿದ್ದು ಅಂಥದ್ದೇ ಅಗ್ಗದ ಟಿಕೆಟ್ಟಲ್ಲಿ, ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡ್ಕೊಂಡು.